ಕನ್ಸೋಲ್ ಬಂದರೆ ಎಂಡಿಎಂ ಬಂದ ಹಾಗಾ?

ಪ್ರಶ್ನೆ: ನಾನು ಒಂದು ಮಧ್ಯಮ ಗಾತ್ರದ ಕಂಪನಿಯ ಐಟಿ ವಿಭಾಗ ನೋಡಿಕೊಳ್ಳುತ್ತೇನೆ. ಆರು ಜನರ ತಂಡ, ಎಲ್ಲರೂ ವಿಂಡೋಸ್ ಮತ್ತು ಆ್ಯಕ್ಟಿವ್ ಡೈರೆಕ್ಟರಿಯಲ್ಲಿ (ಕಂಪನಿಯ ಕಂಪ್ಯೂಟರ್, ಖಾತೆಗಳನ್ನು ನೋಡಿಕೊಳ್ಳುವ ಮೈಕ್ರೋಸಾಫ್ಟ್ ವ್ಯವಸ್ಥೆ) ಪಳಗಿದವರು. ಸುಮಾರು 900 ಫೋನ್, ಟ್ಯಾಬ್ಲೆಟ್‌ಗಳನ್ನು ಎಂಡಿಎಂ (ಮೊಬೈಲ್ ಡಿವೈಸ್ ಮ್ಯಾನೇಜ್‌ಮೆಂಟ್, ಅಂದರೆ ಸಾಧನಗಳನ್ನು ಒಂದೇ ಕಡೆಯಿಂದ ನಿರ್ವಹಿಸುವ ವ್ಯವಸ್ಥೆ) ಅಡಿಗೆ ತರಬೇಕಿದೆ. ಅರ್ಧ ಕಂಪನಿಯವು, ಇನ್ನರ್ಧ ಸಿಬ್ಬಂದಿಯ ಸ್ವಂತದ್ದು. ವೆಂಡರ್ ಎರಡು ದಿನ ಟ್ರೈನಿಂಗ್ ಕೊಟ್ಟರು, ನಮ್ಮವರಲ್ಲಿ ಇಬ್ಬರು ಸರ್ಟಿಫಿಕೇಶನ್ ಪರೀಕ್ಷೆಯನ್ನೂ ಪಾಸು ಮಾಡಿದರು. ಆದರೂ 40 ಸಾಧನಗಳ ಪೈಲಟ್ ಹದಗೆಟ್ಟಿತು. ಆಂಡ್ರಾಯ್ಡ್ ಫೋನ್‌ಗಳು ಕ್ಯೂಆರ್ ಕೋಡ್ ತೆಗೆದುಕೊಳ್ಳಲೇ ಇಲ್ಲ. ಐಫೋನ್‌ಗಳಲ್ಲಿ ಜನ ತಾವೇ ಎಂಡಿಎಂಗೆ ಜೋಡಿಸುವ ಪ್ರೊಫೈಲ್ ಅಳಿಸಿಬಿಟ್ಟರು. ವೈಫೈ ಸೆಟ್ಟಿಂಗ್ ಬದಲಿಸಿ ಕಳಿಸಿದ ಮೇಲೆ ಗೋದಾಮಿನ ಟ್ಯಾಬ್ಲೆಟ್‌ಗಳು ಸಂಪರ್ಕಕ್ಕೇ ಸಿಗುತ್ತಿಲ್ಲ. ಈಗ ಸಿಬ್ಬಂದಿ 'ಕಂಪನಿ ನಮ್ಮ ವಾಟ್ಸ್‌ಆ್ಯಪ್ ಓದುತ್ತದೆ' ಅಂತ ತಕರಾರು ತೆಗೆದಿದ್ದಾರೆ. ಮ್ಯಾನೇಜ್‌ಮೆಂಟ್ ಮೂರು ತಿಂಗಳು ಗಡುವು ಕೊಟ್ಟಿದೆ. ತಂಡಕ್ಕೆ ಇನ್ನೂ ದೊಡ್ಡ ಕೋರ್ಸ್ ಕೊಡಿಸಲಾ, ಹೊರಗಿನವರಿಗೆ ವಹಿಸಲಾ, ಇಲ್ಲಾ ಮೊಬೈಲ್ ಗೊತ್ತಿರುವ ಹೊಸಬರನ್ನೇ ತೆಗೆದುಕೊಳ್ಳಲಾ?

ಉತ್ತರ: ನಿಮ್ಮ ತಂಡದ ಬಗ್ಗೆ ಅನುಮಾನ ಇದ್ದರೆ ಅದನ್ನು ಮೊದಲು ಬಿಡಿ. ನಾನು ಇದೇ ವಿಷಯದಲ್ಲಿ ಐಟಿ ತಂಡಗಳಿಗೆ ತರಬೇತಿ ಕೊಡುತ್ತೇನೆ. ಮೊದಲ ಪೈಲಟ್ ಕೈಕೊಡುವುದು ಹೆಚ್ಚುಕಮ್ಮಿ ನೀವು ಬರೆದ ಈ ಮೂರು ಜಾಗಗಳಲ್ಲೇ. ನಿಮ್ಮ ಪ್ರಶ್ನೆಯ ಒಳಗಿರುವ ಚಿಂತೆ ಬೇರೆ ಅನ್ನಿಸುತ್ತದೆ: ಡೆಸ್ಕ್‌ಟಾಪ್ ನೋಡಿಕೊಂಡು ಬಂದವರಿಗೆ ಇದು ಬರುತ್ತಾ ಇಲ್ವಾ? ಬರುತ್ತದೆ. ಆದರೆ ಅವರಿಗೆ ಇಲ್ಲಿಯವರೆಗೆ ಯಾರೋ ಕಲಿಸಿರುವುದು ಕನ್ಸೋಲ್, ಅಂದರೆ ಅಡ್ಮಿನ್ ಕೂತು ಆದೇಶ ಕೊಡುವ ಪರದೆ. ನಿಮ್ಮಲ್ಲಿ ಕೆಟ್ಟಿರುವುದೆಲ್ಲ ಫೋನಿನ ಕಡೆ.

ಒಂದೊಂದಾಗಿ ಬಿಡಿಸಿ ನೋಡೋಣ. ಕ್ಯೂಆರ್ ಕೋಡ್ ಮೊದಲು. ಕಂಪನಿಯ ಆಂಡ್ರಾಯ್ಡ್ ಫೋನನ್ನು ಪೂರ್ತಿ ಹಿಡಿತಕ್ಕೆ ತೆಗೆದುಕೊಳ್ಳುವ ವಿಧಾನಕ್ಕೆ ಫುಲ್ಲಿ ಮ್ಯಾನೇಜ್ಡ್ ಅನ್ನುತ್ತಾರೆ. ಇದು ಹೊಸ ಫೋನಿನಲ್ಲಿ, ಇಲ್ಲವೇ ಫ್ಯಾಕ್ಟರಿ ರೀಸೆಟ್ ಆದ ಫೋನಿನಲ್ಲಿ ಮಾತ್ರ ಆಗುತ್ತದೆ. ಮೊದಲ 'ವೆಲ್‌ಕಮ್' ಪರದೆಯ ಮೇಲೆ ಒಂದೇ ಜಾಗದಲ್ಲಿ ಆರು ಸಲ ತಟ್ಟಿದರೆ ಕ್ಯೂಆರ್ ಓದುವ ಕಿಟಕಿ ತೆರೆಯುತ್ತದೆ. ಬಳಕೆಯಲ್ಲಿರುವ ಫೋನಿನ ಕ್ಯಾಮೆರಾ ತೆರೆದು ಅದೇ ಕೋಡ್ ತೋರಿಸಿದರೆ ಅದರ ಪಾಲಿಗೆ ಅದು ಬರೀ ಅಕ್ಷರಗಳ ಸಾಲು, ಅಷ್ಟೇ. ಈಗಾಗಲೇ ಬಳಸುತ್ತಿರುವ ಫೋನಿಗೆ ಸೇರಿಸಬಹುದಾದದ್ದು ವರ್ಕ್ ಪ್ರೊಫೈಲ್, ಅಂದರೆ ಕಂಪನಿಯ ಆ್ಯಪ್, ಡೇಟಾಗೆ ಫೋನಿನೊಳಗೇ ಮಾಡುವ ಪ್ರತ್ಯೇಕ ಜಾಗ. ಅದಕ್ಕೆ ದಾರಿಯೇ ಬೇರೆ. ನಿಮ್ಮವರು ಯಾರದೋ ಕೈಯಲ್ಲಿದ್ದ ಫೋನುಗಳಿಗೆ ಮೊದಲನೆಯ ದಾರಿಯ ಕೋಡ್ ಹಂಚಿರಬೇಕು.

ಐಫೋನ್ ಕಥೆ ಕೊಂಡುಕೊಂಡ ದಿನವೇ ಶುರುವಾಗಿರುತ್ತದೆ. ಪ್ರೊಫೈಲ್ ಅಳಿಸಲು ಆಗದಂತೆ ಮಾಡಬೇಕಿದ್ದರೆ ಆ ಫೋನ್ ಆ್ಯಪಲ್ ಬಿಸಿನೆಸ್ ಮ್ಯಾನೇಜರ್‌ನಲ್ಲಿ (ಕಂಪನಿಗಳಿಗಾಗಿ ಇರುವ ಆ್ಯಪಲ್‌ನ ಪೋರ್ಟಲ್) ಕಂಪನಿಯ ಹೆಸರಿಗೆ ದಾಖಲಾಗಿರಬೇಕು, ಅಲ್ಲಿಂದ ನಿಮ್ಮ ಎಂಡಿಎಂ ಸರ್ವರ್‌ಗೆ ಜೋಡಣೆಯಾಗಿರಬೇಕು, ಆಮೇಲೆ ಮೊದಲ ಸಲ ಆನ್ ಆಗಬೇಕು. ಆಗ ಅದು ಸೂಪರ್‌ವೈಸ್ಡ್, ಅಂದರೆ ಕಂಪನಿಗೆ ಹೆಚ್ಚಿನ ಹಿಡಿತ ಕೊಡುವ ಸ್ಥಿತಿಯಲ್ಲಿ ಏಳುತ್ತದೆ. ಅಧಿಕೃತ ಮಾರಾಟಗಾರರು ಖರೀದಿಯ ಹೊತ್ತಿಗೇ ಇದನ್ನು ಮಾಡಿಕೊಡಬಲ್ಲರು, ಆದರೆ ಕೇಳಬೇಕು. ಕೇಳದೆ ತಂದ ಫೋನುಗಳನ್ನು ಆ್ಯಪಲ್ ಕಾನ್ಫಿಗರೇಟರ್ ಆ್ಯಪ್ ಬಳಸಿ ಆಮೇಲೂ ಸೇರಿಸಬಹುದು. ಅದಕ್ಕೆ ಫೋನ್ ಪೂರ್ತಿ ಅಳಿಸಬೇಕು, ಜೊತೆಗೆ ಮೊದಲ 30 ದಿನ ಬಳಕೆದಾರ ಬೇಕೆಂದರೆ ಹೊರಬರಲು ಅವಕಾಶ ಇರುತ್ತದೆ. ಹಾಗಾಗಿ ಎಂಡಿಎಂ ತರಬೇತಿಯ ಒಂದು ಗಂಟೆಗಾದರೂ ನಿಮ್ಮ ಖರೀದಿ ವಿಭಾಗದವರು ಕೂರಲಿ. ಯಾರೂ ಅವರನ್ನು ಕರೆಯುವುದಿಲ್ಲ!

ವೈಫೈ ಎಡವಟ್ಟನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಎಂಡಿಎಂ ಹೇಗೆ ಕೆಲಸ ಮಾಡುತ್ತದೆ ಅನ್ನುವುದೆಲ್ಲ ಇದರಲ್ಲೇ ಇದೆ. ಕನ್ಸೋಲ್‌ನಲ್ಲಿ ಬಟನ್ ಒತ್ತಿದಾಗ ಆದೇಶ ನೇರವಾಗಿ ಫೋನಿಗೆ ಹೋಗುವುದಿಲ್ಲ. ಐಫೋನ್, ಐಪ್ಯಾಡ್‌ಗಳಲ್ಲಾದರೆ ಆ್ಯಪಲ್‌ನ ಪುಶ್ ಸೇವೆ ಸಾಧನವನ್ನು 'ಏಳು' ಅಂತ ತಟ್ಟುತ್ತದೆ. ಆ ತಟ್ಟುವಿಕೆಯಲ್ಲಿ ಆದೇಶ ಇರುವುದಿಲ್ಲ. ಸಾಧನ ಎದ್ದು, ತಾನಾಗಿ ಎಂಡಿಎಂ ಸರ್ವರ್‌ಗೆ ಹೋಗಿ, ಏನಿದೆ ಅಂತ ಕೇಳಿ, ಪಾಲಿಸಿ (ಕಂಪನಿ ಹಾಕಿದ ಸೆಟ್ಟಿಂಗ್, ನಿಯಮಗಳು) ತೆಗೆದುಕೊಂಡು, ಆಯಿತು ಅಥವಾ ಆಗಲಿಲ್ಲ ಅಂತ ಉತ್ತರ ಕೊಡುತ್ತದೆ. ಈಗ ಒಂದು ಟ್ಯಾಬ್ಲೆಟ್ ಊಹಿಸಿಕೊಳ್ಳಿ. ಸಿಮ್ ಇಲ್ಲ, ವೈಫೈ ಒಂದೇ ದಾರಿ. ಹಳೆಯ ವೈಫೈ ಪ್ರೊಫೈಲ್ ತೆಗೆದು ಸರ್ಟಿಫಿಕೇಟ್ (ಸಾಧನದ ಡಿಜಿಟಲ್ ಗುರುತುಚೀಟಿ) ಬೇಡುವ ಹೊಸದನ್ನು ಕಳಿಸಿದಿರಿ. ಹಳೆಯದು ಹೋಯಿತು. ಹೊಸದು ಕೂತಿತು, ಆದರೆ ಅದಕ್ಕೆ ಬೇಕಾದ ಸರ್ಟಿಫಿಕೇಟ್ ಇನ್ನೂ ಬಂದಿಲ್ಲ, ಅಥವಾ ವೈಫೈಗೆ ಯಾರನ್ನು ಬಿಡಬೇಕು ಅಂತ ತೀರ್ಮಾನಿಸುವ ರೇಡಿಯಸ್ ಸರ್ವರ್‌ನ ರೂಟ್ ಸರ್ಟಿಫಿಕೇಟನ್ನು (ಆ ಸರ್ವರ್ ಅಸಲಿ ಅಂತ ತಿಳಿಯಲು ಬೇಕಾದ ಮೂಲ ಸರ್ಟಿಫಿಕೇಟ್) ಟ್ಯಾಬ್ಲೆಟ್ ನಂಬುತ್ತಿಲ್ಲ. ನೆಟ್‌ವರ್ಕ್ ಇಲ್ಲದೆ ಸರ್ಟಿಫಿಕೇಟ್ ಬರುವುದಿಲ್ಲ, ಸರ್ಟಿಫಿಕೇಟ್ ಇಲ್ಲದೆ ನೆಟ್‌ವರ್ಕ್ ಸಿಗುವುದಿಲ್ಲ. ತಪ್ಪು ಸರಿಪಡಿಸುವ ಪಾಲಿಸಿ ಸರ್ವರ್‌ನಲ್ಲಿ ಕಾಯುತ್ತಾ ಕೂತಿರುತ್ತದೆ, ಕೇಳಲು ಬರುವವರೇ ಇಲ್ಲ. ಇನ್ನು ಯಾರಾದರೂ ಗೋದಾಮಿಗೇ ಹೋಗಿ ಒಂದೊಂದನ್ನೂ ಕೈಯಲ್ಲಿ ಹಿಡಿದು ಬೇರೆ ಹಾಟ್‌ಸ್ಪಾಟ್‌ಗೆ ಸೇರಿಸಬೇಕು. ನಿಮ್ಮ ಪಾಲಿಸಿ ವೈಫೈ ಸೇರಿಸುವುದನ್ನೇ ತಡೆದಿದ್ದರೆ ಅದೂ ಕಷ್ಟ.

ಸರಿಯಾದ ಕ್ರಮ ಏನೆಂದರೆ ಮೊದಲು ರೂಟ್, ಆಮೇಲೆ ಸಾಧನದ ಸರ್ಟಿಫಿಕೇಟ್, ಆಮೇಲೆ ಹೊಸ ವೈಫೈ. ಹೊಸದರಲ್ಲಿ ಸಾಧನ ನಿಜಕ್ಕೂ ಕೂತಿದೆ ಅಂತ ಖಾತ್ರಿಯಾದ ಮೇಲಷ್ಟೇ ಹಳೆಯದನ್ನು ತೆಗೆಯುವುದು. ಇದನ್ನು ಸ್ಲೈಡಿನಲ್ಲಿ ಓದಿದವರು ಮರೆಯುತ್ತಾರೆ. ಒಂದು ಟ್ಯಾಬ್ಲೆಟನ್ನು ತಾವೇ ಹೀಗೆ ಕಳೆದುಕೊಂಡವರು ಮರೆಯುವುದಿಲ್ಲ.

ಇಲ್ಲಿ ನಿಮ್ಮವರ ಹಳೆಯ ಅನುಭವವೇ ಸ್ವಲ್ಪ ಅಡ್ಡ ಬಂದಿದೆ ಅಂತ ನನ್ನ ಅಂದಾಜು. ಆಫೀಸಿನ ವಿಂಡೋಸ್ ಕಂಪ್ಯೂಟರ್‌ಗಳಿಗೆ ನಿಯಮ ಹಾಕುವ ಗ್ರೂಪ್ ಪಾಲಿಸಿಯ ಜಗತ್ತಿನಲ್ಲಿ ಕಂಪ್ಯೂಟರ್ ಆಫೀಸಿನ ನೆಟ್‌ವರ್ಕ್‌ನಲ್ಲೇ ಇರುತ್ತದೆ, 90 ನಿಮಿಷಕ್ಕೊಮ್ಮೆ ತಾನೇ ಪಾಲಿಸಿ ತಾಜಾ ಮಾಡಿಕೊಳ್ಳುತ್ತದೆ, ಏನೂ ಆಗದಿದ್ದರೆ ಅಡ್ಮಿನ್ ಒಳಗೆ ಹೋಗಿ ರಿಜಿಸ್ಟ್ರಿ ತಿದ್ದಬಹುದು. ಫೋನಿನಲ್ಲಿ ಲೋಕಲ್ ಅಡ್ಮಿನ್ ಅನ್ನುವವರೇ ಇಲ್ಲ. ಏನು ಮುಟ್ಟಬಹುದು, ಏನು ಮುಟ್ಟಬಾರದು ಅನ್ನುವುದನ್ನು ಆಪರೇಟಿಂಗ್ ಸಿಸ್ಟಂ ಮಾಡಿದವರು ತೀರ್ಮಾನಿಸಿರುತ್ತಾರೆ. ಸಮಯದ ಅಂದಾಜೂ ಬೇರೆ. ಉದಾಹರಣೆಗೆ ಮೈಕ್ರೋಸಾಫ್ಟ್‌ನ ಎಂಡಿಎಂ ಆದ ಇಂಟ್ಯೂನ್‌ನಲ್ಲಿ ಸಾಮಾನ್ಯ ಚೆಕ್-ಇನ್ (ಸಾಧನ ಸರ್ವರ್‌ಗೆ ಹೋಗಿ ಕೇಳುವುದು) ಸುಮಾರು 8 ಗಂಟೆಗೊಮ್ಮೆ, ಪುಶ್ ತಲುಪಿದರೆ ಬೇಗ. ಐದು ನಿಮಿಷ ಕಾದು 'ಬರಲಿಲ್ಲ' ಅಂತ ಅದೇ ಪಾಲಿಸಿಯನ್ನು ಮೂರು ಹೆಸರಿನಲ್ಲಿ ಮತ್ತೆ ಮತ್ತೆ ಕಳಿಸುವ ಅಡ್ಮಿನ್‌ಗಳನ್ನು ಎಷ್ಟೋ ಸಲ ನೋಡಿದ್ದೇನೆ. ಸಂಜೆ ಹೊತ್ತಿಗೆ ಮೂರೂ ಬಂದು ಕೂರುತ್ತವೆ.

ಇನ್ನು ಸರ್ಟಿಫಿಕೇಶನ್. ಅದು ದಂಡ ಅಂತ ಹೇಳುವವರ ಜೊತೆ ನಾನಿಲ್ಲ. ಮೈಕ್ರೋಸಾಫ್ಟ್‌ನ ಎಂಡಿ-102, ಆ್ಯಪಲ್‌ನ ಡಿಪ್ಲಾಯ್‌ಮೆಂಟ್ ಆ್ಯಂಡ್ ಮ್ಯಾನೇಜ್‌ಮೆಂಟ್ ಪರೀಕ್ಷೆ, ಗೂಗಲ್‌ನ ಆಂಡ್ರಾಯ್ಡ್ ಎಂಟರ್‌ಪ್ರೈಸ್ ಅಕಾಡೆಮಿ, ಇವೆಲ್ಲ ಪದಗಳ ಪರಿಚಯ ಮಾಡಿಸುತ್ತವೆ, ಯಾವ ಆಯ್ಕೆ ಎಲ್ಲಿದೆ ಅಂತ ತೋರಿಸುತ್ತವೆ. ಆ್ಯಪಲ್ ಮತ್ತು ಗೂಗಲ್‌ನ ಪಾಠಗಳು ಆನ್‌ಲೈನಿನಲ್ಲಿ ಉಚಿತ, ದುಡ್ಡು ಕೊಟ್ಟು ಕೋರ್ಸ್ ಬುಕ್ ಮಾಡುವ ಮುಂಚೆ ಅವನ್ನು ಮುಗಿಸಿ. ಆದರೆ ಪರೀಕ್ಷೆಯಲ್ಲಿ ಎಲ್ಲವೂ ಸರಿಯಾಗಿ ನಡೆಯುವ ಫೋನ್ ಇರುತ್ತದೆ. ಅರ್ಧ ಎನ್‌ರೋಲ್ ಆಗಿ (ಎಂಡಿಎಂಗೆ ಸೇರ್ಪಡೆಯಾಗಿ) ನಿಂತ ಫೋನ್ ಇರುವುದಿಲ್ಲ, ಕೆಲಸ ಬಿಟ್ಟು ಹೋದವರ ಆ್ಯಕ್ಟಿವೇಶನ್ ಲಾಕ್ (ಅವರ ಆ್ಯಪಲ್ ಅಕೌಂಟ್‌ಗೆ ಕಟ್ಟಿದ ಬೀಗ) ಹಾಗೇ ಉಳಿದ ಫೋನ್ ಇರುವುದಿಲ್ಲ. ಪಾಸಾದ ಇಬ್ಬರನ್ನು 'ಇವರಿಗೆ ಎಲ್ಲ ಗೊತ್ತು' ಅಂತ ಅಂದುಕೊಂಡಿದ್ದಷ್ಟೇ ಸಮಸ್ಯೆ.

ಹಾಗಾದರೆ ಏನು ಕಲಿಸಬೇಕು? ಒಂದು ಸಾಧನ ಡಬ್ಬಿಯಿಂದ ಹೊರಬಂದು, ಎನ್‌ರೋಲ್ ಆಗಿ, ಕೆಟ್ಟು, ಕಳೆದು, ಕೈ ಬದಲಾಗಿ, ಕೊನೆಗೆ ಕಂಪನಿಯಿಂದ ಹೊರಹೋಗುವ ತನಕದ ಇಡೀ ಬದುಕು. ಇದಕ್ಕೆ ಒಂದು ಲ್ಯಾಬ್ ಬೇಕು. ದೊಡ್ಡದೇನೂ ಬೇಡ, ಒಂದು ಮೇಜು ಸಾಕು. ಎರಡು ಐಫೋನ್, ಬೇರೆ ಬೇರೆ ಐಓಎಸ್ ಆವೃತ್ತಿಯವು. ನಿಮ್ಮ ಸಿಬ್ಬಂದಿ ಬಳಸುವ ಪ್ರತಿ ಆಂಡ್ರಾಯ್ಡ್ ತಯಾರಕರದ್ದು ಒಂದೊಂದು. ಅದರಲ್ಲಿ ಒಂದಾದರೂ ಹಳೆಯದಿರಲಿ, ಯಾಕೆಂದರೆ ಕೆಲವು ತಯಾರಕರ ಫೋನುಗಳು ಬ್ಯಾಟರಿ ಉಳಿಸುವ ನೆಪದಲ್ಲಿ ಎಂಡಿಎಂ ಏಜೆಂಟನ್ನೇ ಮಲಗಿಸಿಬಿಡುತ್ತವೆ. ಒಂದು ಸಿಮ್ ಇಲ್ಲದ ಟ್ಯಾಬ್ಲೆಟ್, ಒಂದು ಮ್ಯಾಕ್. ಮುಖ್ಯವಾಗಿ, ಅಸಲಿ ಸಿಬ್ಬಂದಿ ಯಾರೂ ಇಲ್ಲದ ಪ್ರತ್ಯೇಕ ಟೆಸ್ಟ್ ಟೆನೆಂಟ್, ಅಂದರೆ ಪ್ರಯೋಗಕ್ಕೆಂದೇ ಬೇರೆಯಾಗಿರುವ ಎಂಡಿಎಂ ಖಾತೆ. ಅಸಲಿ ಕನ್ಸೋಲ್‌ನಲ್ಲೇ 'ಟೆಸ್ಟ್' ಅಂತ ಒಂದು ಗ್ರೂಪ್ ಮಾಡಿಕೊಂಡು ಸುಮ್ನೆ ಅಭ್ಯಾಸ ಮಾಡಿದರಾಯಿತು ಅನ್ನುವವರಿದ್ದಾರೆ. ಬೇಡ. 'ಆಲ್ ಡಿವೈಸಸ್' ಅನ್ನುವ ಆಯ್ಕೆ ಅದೇ ಪಟ್ಟಿಯಲ್ಲಿ ಒಂದೇ ಕ್ಲಿಕ್ ದೂರದಲ್ಲಿ ಇರುತ್ತದೆ.

ಆ ಮೇಜಿನ ಮೇಲೆ ಬೇಕಂತಲೇ ಕೆಡಿಸಿ. ಕಲಿಯುವವರಲ್ಲಿ ಒಬ್ಬರು ಕೆಡಿಸಲಿ, ಇನ್ನೊಬ್ಬರು ಏನು ಮಾಡಿದ್ದಾರೆ ಅಂತ ಗೊತ್ತಿಲ್ಲದೆ ಕಾರಣ ಹುಡುಕಲಿ. ಬಳಕೆಯಲ್ಲಿರುವ ಸಾಧನವನ್ನು ಕನ್ಸೋಲ್‌ನಿಂದ ಅಳಿಸಿ, ಆಗ ಫೋನಿನಲ್ಲಿ ಏನು ಉಳಿಯುತ್ತದೆ ನೋಡಿ. ಫೈರ್‌ವಾಲ್‌ನಲ್ಲಿ ಆ್ಯಪಲ್ ಪುಶ್‌ಗೆ ಬೇಕಾದ ಟಿಸಿಪಿ ಪೋರ್ಟ್ 5223 ಮತ್ತು ಅದಕ್ಕೆ ಬದಲಿಯಾಗಿ ಬಳಕೆಯಾಗುವ 443, ಎರಡನ್ನೂ ಅಡ್ಡಗಟ್ಟಿ ಲಕ್ಷಣ ಗುರುತಿಸಿ. ಮೇಲೆ ಹೇಳಿದ ವೈಫೈ ಬಲೆಯನ್ನು ಮತ್ತೆ ಕಟ್ಟಿ, ಹೊರಬರಲಿ. ಮ್ಯಾಕ್‌ನ ಕನ್ಸೋಲ್ ಆ್ಯಪಿನಲ್ಲಿ ಐಫೋನಿನ ಲಾಗ್ (ಒಳಗೆ ಏನಾಗುತ್ತಿದೆ ಅನ್ನುವ ದಾಖಲೆ) ಓಡುವುದನ್ನು ನೋಡಲು ಕಲಿಯಲಿ, ಆಂಡ್ರಾಯ್ಡ್‌ನಲ್ಲಿ ಫೋನಿನ ಲಾಗನ್ನು ಕಂಪ್ಯೂಟರ್‌ನಲ್ಲಿ ತೋರಿಸುವ ಎಡಿಬಿ ಲಾಗ್‌ಕ್ಯಾಟ್ ಓದಲಿ. (ಡೀಬಗ್ಗಿಂಗ್ ಅನ್ನು ಪಾಲಿಸಿ ಮುಚ್ಚಿದ್ದರೆ ಲಾಗ್ ಸಿಗುವುದಿಲ್ಲ ಅನ್ನುವುದನ್ನೂ ಅವರೇ ಕಂಡುಕೊಳ್ಳಲಿ.) ನನ್ನ ಪ್ರಕಾರ ಇಂಥ ಒಂದು ವಾರ, ತರಗತಿಯಲ್ಲಿ ಕೂತ ಒಂದು ತಿಂಗಳಿಗಿಂತ ಜಾಸ್ತಿ ಕಲಿಸುತ್ತದೆ.

ಕಳೆದುಹೋದ ಫೋನಿನ ಪ್ರಯೋಗವನ್ನು ಬಿಡಲೇಬೇಡಿ. 'ವೈಪ್ ಒತ್ತಿದರೆ ಫೋನ್ ಖಾಲಿ' ಅನ್ನುವುದು ಐಟಿಯವರೇ ನಂಬಿಕೊಂಡಿರುವ ತಪ್ಪು ಕಲ್ಪನೆ. ಫೋನ್ ಆಫ್‌ಲೈನ್ ಇದ್ದರೆ ಆದೇಶ ಸಾಲಿನಲ್ಲಿ ನಿಂತಿರುತ್ತದೆ, ಅಷ್ಟೇ. ಐಫೋನ್ ರೀಸ್ಟಾರ್ಟ್ ಆಗಿ ಇನ್ನೂ ಒಮ್ಮೆಯೂ ಪಾಸ್‌ಕೋಡ್ ಹಾಕಿಲ್ಲ ಅಂದರೆ ಉಳಿಸಿಟ್ಟ ವೈಫೈ ಪಾಸ್‌ವರ್ಡ್‌ಗಳೇ ತೆರೆದಿರುವುದಿಲ್ಲ, ಸಿಮ್ ಕೂಡ ತೆಗೆದಿದ್ದರೆ ಅದು ಸರ್ವರ್ ಕಡೆ ಬರುವ ದಾರಿಯೇ ಮುಚ್ಚಿದ ಹಾಗೆ. ಹಾಗಾಗಿ ಡೇಟಾ ಉಳಿಸುವುದು ಪಾಸ್‌ಕೋಡ್ ಮತ್ತು ಎನ್‌ಕ್ರಿಪ್ಶನ್. ವೈಪ್ ಎರಡನೇ ಸಾಲಿನ ರಕ್ಷಣೆ. ಜೊತೆಗೆ ಆ ಬಳಕೆದಾರರ ಸೆಷನ್, ಟೋಕನ್‌ಗಳನ್ನು (ಈಗಾಗಲೇ ಆಗಿರುವ ಲಾಗಿನ್‌ಗಳನ್ನು) ಗುರುತಿನ ವ್ಯವಸ್ಥೆಯಲ್ಲೇ ರದ್ದು ಮಾಡುವುದನ್ನು ಹೆಲ್ಪ್‌ಡೆಸ್ಕ್‌ಗೆ ಕಲಿಸಿ. ಅದಕ್ಕೆ ಫೋನ್ ಆನ್‌ಲೈನ್ ಇರಬೇಕಿಲ್ಲ.

ಈಗ ವಾಟ್ಸ್‌ಆ್ಯಪ್ ಭಯ. ಎಂಡಿಎಂಗೆ ಮೆಸೇಜ್ ಓದಲು, ಫೋಟೋ ನೋಡಲು, ಬ್ರೌಸರ್ ಇತಿಹಾಸ ತೆಗೆಯಲು ದಾರಿ ಇಲ್ಲ. ಇಷ್ಟು ಹೇಳಿ ಮುಗಿಸುವ ಐಟಿಯವರು ಜಾಸ್ತಿ, ಆದರೆ ಅಲ್ಲಿಗೇ ನಿಲ್ಲಿಸಿದರೆ ಅದು ಅರ್ಧ ಸತ್ಯ. ಎಷ್ಟು ಕಾಣುತ್ತದೆ ಅನ್ನುವುದು ಹೇಗೆ ಎನ್‌ರೋಲ್ ಮಾಡಿದಿರಿ ಅನ್ನುವುದರ ಮೇಲೆ ನಿಂತಿದೆ. ಆಂಡ್ರಾಯ್ಡ್ ವರ್ಕ್ ಪ್ರೊಫೈಲ್‌ನಲ್ಲಿ ಕಂಪನಿಗೆ ಕಾಣುವುದು ಆ ಪ್ರೊಫೈಲಿನ ಒಳಗಿನ ಆ್ಯಪ್‌ಗಳು ಮಾತ್ರ. 2019ರಲ್ಲಿ ಐಓಎಸ್ 13ರ ಜೊತೆ ಬಂದ ಯೂಸರ್ ಎನ್‌ರೋಲ್‌ಮೆಂಟ್‌ನಲ್ಲಿ ಫೋನಿನ ಸೀರಿಯಲ್ ನಂಬರ್, ಐಎಂಇಐ ಕೂಡ ಕಂಪನಿಗೆ ಸಿಗುವುದಿಲ್ಲ, ಇಡೀ ಫೋನ್ ಅಳಿಸಲೂ ಆಗುವುದಿಲ್ಲ. ಆದರೆ ಅದೇ ಸ್ವಂತ ಐಫೋನನ್ನು ಕಂಪನಿ ಫೋನಿನ ಹಾಗೆ ಪೂರ್ತಿ ಡಿವೈಸ್ ಎನ್‌ರೋಲ್‌ಮೆಂಟ್ ಮಾಡಿದರೆ ಆ್ಯಪ್‌ಗಳ ಪಟ್ಟಿ ಕೇಳಬಹುದು, ಫೋನನ್ನೇ ವೈಪ್ ಮಾಡಬಹುದು. ನಿಮ್ಮ ಪೈಲಟ್‌ನಲ್ಲಿ ಸ್ವಂತ ಫೋನುಗಳನ್ನು ಯಾವ ರೀತಿ ಸೇರಿಸಿದ್ದೀರಿ ಅಂತ ಮೊದಲು ನೋಡಿ. ಪೂರ್ತಿ ಎನ್‌ರೋಲ್ ಮಾಡಿದ್ದರೆ ಸಿಬ್ಬಂದಿಯ ತಕರಾರಿನಲ್ಲಿ ಹುರುಳಿದೆ. ಮೇಲ್ ಮತ್ತು ಕೆಲವು ಕಡತ ನೋಡಲಷ್ಟೇ ಸ್ವಂತ ಫೋನ್ ಬೇಕಿದ್ದರೆ ಎನ್‌ರೋಲ್‌ಮೆಂಟೇ ಬೇಡ, ಆ್ಯಪ್ ಮಟ್ಟದ ರಕ್ಷಣೆ ಸಾಕು. ಅದರಲ್ಲಿ ಸಾಧನದ ಮೇಲೆ ಹಿಡಿತ ಕಡಿಮೆ, ಜಗಳವೂ ಕಡಿಮೆ.

ತರಬೇತಿಯಲ್ಲಿ ಇದನ್ನು ಹೀಗೆ ಮಾಡಿಸುತ್ತೇನೆ: ತಂಡದವರು ಒಂದು ಟೆಸ್ಟ್ ಫೋನ್ ಎನ್‌ರೋಲ್ ಮಾಡಿ, ಅದರ ಬಗ್ಗೆ ಅಡ್ಮಿನ್‌ಗೆ ಕಾಣುವ ಪರದೆಯನ್ನು ಪ್ರೊಜೆಕ್ಟರ್‌ನಲ್ಲಿ ಸಿಬ್ಬಂದಿಯ ಮುಂದೆ ತೆರೆದಿಡಬೇಕು. ಪ್ರಶ್ನೆಗಳು ಅಲ್ಲೇ ಬರುತ್ತವೆ. ಉತ್ತರ ಕೊಡಲು ತಡಬಡಾಯಿಸಿದರೆ ಆ ವ್ಯಕ್ತಿ ಇನ್ನೂ ಕಲಿತಿಲ್ಲ ಅಂತ ಲೆಕ್ಕ.

ಒಂದು ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಹಟಮಾರಿ. ಅಧಿಕಾರ. ಎಂಡಿಎಂ ಕನ್ಸೋಲ್ ಅಂದರೆ ಕಂಪನಿಯ ಎಲ್ಲ ಫೋನುಗಳ ಬೀಗದ ಕೈ ಗೊಂಚಲು. 2024ರ ಆಗಸ್ಟ್‌ನಲ್ಲಿ ಮೊಬೈಲ್ ಗಾರ್ಡಿಯನ್ ಅನ್ನುವ ಶಾಲಾ ಸಾಧನ ನಿರ್ವಹಣಾ ವ್ಯವಸ್ಥೆಗೆ ದಾಳಿಕೋರರು ನುಗ್ಗಿದಾಗ ಸಿಂಗಾಪುರ ಒಂದರಲ್ಲೇ 26 ಶಾಲೆಗಳ ಸುಮಾರು 13,000 ವಿದ್ಯಾರ್ಥಿಗಳ ಸಾಧನಗಳು ದೂರದಿಂದಲೇ ವೈಪ್ ಆದವು. 2023ರಲ್ಲಿ ನಾರ್ವೆಯ 12 ಸಚಿವಾಲಯಗಳ ಮೇಲಿನ ದಾಳಿಗೆ ಬಾಗಿಲಾಗಿದ್ದು ಇವಾಂಟಿ ಕಂಪನಿಯ ಎಂಡಿಎಂ ಸರ್ವರ್‌ನಲ್ಲಿದ್ದ ಲೋಪ. ಹಾಗಾಗಿ ಆರೂ ಜನಕ್ಕೆ ಗ್ಲೋಬಲ್ ಅಡ್ಮಿನ್, ಅಂದರೆ ಎಲ್ಲವನ್ನೂ ಬದಲಿಸುವ ಅಧಿಕಾರ ಕೊಡಬೇಡಿ. ಹೆಲ್ಪ್‌ಡೆಸ್ಕ್‌ಗೆ ಪಾಸ್‌ಕೋಡ್ ತೆಗೆಯುವುದು, ಲಾಕ್ ಮಾಡುವುದು ಸಾಕು. ವೈಪ್‌ಗೆ ಇಬ್ಬರ ಒಪ್ಪಿಗೆ ಬೇಕು ಅನ್ನುವ ವ್ಯವಸ್ಥೆ ನಿಮ್ಮ ಉತ್ಪನ್ನದಲ್ಲಿ ಇದ್ದರೆ ಹಾಕಿಕೊಳ್ಳಿ. ಇಂಟ್ಯೂನ್‌ನಲ್ಲಿ 'ರಿಟೈರ್' ಮತ್ತು 'ವೈಪ್' ಬಟನ್‌ಗಳು ಒಂದೇ ಸಾಲಿನಲ್ಲಿ ಇರುತ್ತವೆ. ಮೊದಲನೆಯದು ಕಂಪನಿಯ ಡೇಟಾ ಮಾತ್ರ ತೆಗೆಯುತ್ತದೆ, ಎರಡನೆಯದು ಕಂಪನಿ ಫೋನನ್ನು ಫ್ಯಾಕ್ಟರಿ ಸ್ಥಿತಿಗೆ ಒಯ್ಯುತ್ತದೆ. ಶುಕ್ರವಾರ ಸಂಜೆ ದಣಿದ ಕೈಗೆ ಎರಡೂ ಒಂದೇ ಥರ ಕಾಣುತ್ತವೆ.

ನಿಯಮ ಪಾಲಿಸದ ಫೋನಿಗೆ ಮೇಲ್ ಬಂದ್ ಮಾಡುವ ಪಾಲಿಸಿ ಹಾಕುವಾಗಲೂ ಎಚ್ಚರ. ಮೊದಲು ವರದಿ ಮಾತ್ರ ಕೊಡುವ ಸ್ಥಿತಿಯಲ್ಲಿಟ್ಟು ಯಾರಿಗೆಲ್ಲ ಬಾಗಿಲು ಮುಚ್ಚುತ್ತದೆ ನೋಡಿ. ತುರ್ತು ಅಡ್ಮಿನ್ ಖಾತೆಯನ್ನು ಅದರಿಂದ ಹೊರಗಿಡಿ, ಇಲ್ಲವಾದರೆ ನಿಮ್ಮನ್ನೇ ನೀವು ಹೊರಗೆ ಹಾಕಿಕೊಳ್ಳುತ್ತೀರಿ. ಇಂಟ್ಯೂನ್ ಬಳಸುತ್ತಿದ್ದರೆ ಇನ್ನೊಂದು: ಯಾವ ಕಂಪ್ಲಯನ್ಸ್ (ನಿಯಮ ಪಾಲನೆಯ) ಪಾಲಿಸಿಯೂ ಇಲ್ಲದ ಸಾಧನವನ್ನು ಅದು ಡೀಫಾಲ್ಟ್ ಆಗಿ 'ಸರಿಯಿದೆ' ಅಂತಲೇ ಗುರುತಿಸುತ್ತದೆ. ವರದಿಯೆಲ್ಲ ಹಸಿರಾಗಿದೆ ಅಂತ ಖುಷಿಪಡುವ ಮುಂಚೆ ಆ ಸೆಟ್ಟಿಂಗ್ ನೋಡಿಕೊಳ್ಳಿ.

ನಿಮ್ಮ ಮೂರು ಆಯ್ಕೆಗಳಿಗೆ ಬರೋಣ. ಇನ್ನೂ ದೊಡ್ಡ ಕೋರ್ಸ್: ಈಗ ಬೇಡ. ಲ್ಯಾಬ್‌ನಲ್ಲಿ ಒದ್ದಾಡಿ ಪ್ರಶ್ನೆಗಳು ಹುಟ್ಟಿದ ಮೇಲೆ ಹೋದರೆ ಅದೇ ಕೋರ್ಸ್ ನಾಲ್ಕು ಪಟ್ಟು ಉಪಯೋಗಕ್ಕೆ ಬರುತ್ತದೆ. ಹೊಸಬರು: ಒಳ್ಳೆಯವರು ಸಿಕ್ಕರೆ ಸಂತೋಷ, ಆದರೆ ನಿಮ್ಮ ನೆಟ್‌ವರ್ಕ್, ನಿಮ್ಮ ಸರ್ಟಿಫಿಕೇಟ್ ವ್ಯವಸ್ಥೆ ಅರ್ಥವಾಗುವಷ್ಟರಲ್ಲಿ ಮೂರು ತಿಂಗಳು ಮುಗಿದಿರುತ್ತದೆ, ಮತ್ತೆ ಎಲ್ಲವೂ ಒಬ್ಬರ ತಲೆಯಲ್ಲೇ ಉಳಿಯುವ ಅಪಾಯ ಬೇರೆ. ಹೊರಗಿನವರು: ಬೇಗ ಮುಗಿಯುತ್ತದೆ, ನಿಜ. ಅವರು ಹೋದ ಮೇಲೆ ಯಾಕೆ ಹೀಗೆ ಕಟ್ಟಿದ್ದಾರೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಖಾತೆಗಳದ್ದು, ಅದನ್ನು ಕೊನೆಯಲ್ಲಿ ಹೇಳುತ್ತೇನೆ. ನಾನು ನಿಮ್ಮ ಜಾಗದಲ್ಲಿದ್ದರೆ ಹೊರಗಿನ ಒಬ್ಬ ಅನುಭವಿಯನ್ನು ಸ್ವಲ್ಪ ಕಾಲ ಕರೆಸುತ್ತಿದ್ದೆ, ಆದರೆ ಒಂದು ಷರತ್ತಿನ ಮೇಲೆ: ಕೀಬೋರ್ಡ್ ಯಾವತ್ತೂ ನಮ್ಮವರ ಕೈಯಲ್ಲೇ ಇರಬೇಕು, ಅವರು ಪಕ್ಕದಲ್ಲಿ ಕೂತು ಹೇಳಬೇಕು. ನಿಧಾನ ಆಗುತ್ತದೆ, ಕನ್ಸಲ್ಟೆಂಟ್‌ಗಳಿಗೆ ಇದು ಇಷ್ಟವೂ ಆಗುವುದಿಲ್ಲ.

ಆರೂ ಜನಕ್ಕೆ ಒಂದೇ ಪಾಠ ಬೇಕಿಲ್ಲ. ಇಬ್ಬರು ಎನ್‌ರೋಲ್‌ಮೆಂಟ್ ಮತ್ತು ಪಾಲಿಸಿಯಲ್ಲಿ ಆಳಕ್ಕೆ ಇಳಿಯಲಿ, ಒಬ್ಬರು ಆ್ಯಪಲ್ ಕಡೆ, ಒಬ್ಬರು ಆಂಡ್ರಾಯ್ಡ್ ಕಡೆ. ಒಬ್ಬರು ಸರ್ಟಿಫಿಕೇಟ್, ಗುರುತು, ನೆಟ್‌ವರ್ಕ್ ನೋಡಿಕೊಳ್ಳಲಿ. ಆ್ಯಕ್ಟಿವ್ ಡೈರೆಕ್ಟರಿ ಅನುಭವ ನೇರವಾಗಿ ಕೆಲಸಕ್ಕೆ ಬರುವುದು ಇಲ್ಲೇ, ಹಾಗಾಗಿ ನಿಮ್ಮ ಅತಿ ಗಟ್ಟಿ ಮನುಷ್ಯನನ್ನು ಇಲ್ಲಿ ಹಾಕಿ. ಉಳಿದ ಮೂವರು ಫೋನ್ ಕರೆ ತೆಗೆದುಕೊಳ್ಳುವವರು. ಅವರಿಗೆ ಹೊಸ ಫೋನ್, ಕಳೆದ ಫೋನ್, ಮರೆತ ಪಾಸ್‌ಕೋಡ್, ಕೆಲಸ ಬಿಡುವವರ ಫೋನ್, ಈ ನಾಲ್ಕು ಕಣ್ಣು ಮುಚ್ಚಿಕೊಂಡು ಬರಬೇಕು.

ಮೂರು ತಿಂಗಳು ಸಾಕಾ? ಕಂಪನಿಯ ಫೋನುಗಳಿಗೆ ಬಿಗಿಯಾದರೂ ಸಾಕು. ಸ್ವಂತ ಫೋನುಗಳಿಗೆ ಸಾಲದು ಅಂತ ಮ್ಯಾನೇಜ್‌ಮೆಂಟ್‌ಗೆ ಈಗಲೇ ಹೇಳಿಬಿಡಿ. ಮೊದಲ ತಿಂಗಳು ಲ್ಯಾಬ್, ಆಮೇಲೆ ಐಟಿ ತಂಡದ ಕಂಪನಿ ಫೋನುಗಳು, ಆಮೇಲೆ 30 ಜನ, ಆಮೇಲೆ 100. ಆ 30ರಲ್ಲಿ ಸದಾ ದೂರುವ ಒಬ್ಬ ಮ್ಯಾನೇಜರ್, ಹೊರಗೆ ಓಡಾಡುವ ಇಬ್ಬರು, ಗೋದಾಮಿನ ಒಂದಿಷ್ಟು ಟ್ಯಾಬ್ಲೆಟ್ ಇರಲೇಬೇಕು. ಎಷ್ಟು ಎನ್‌ರೋಲ್‌ಮೆಂಟ್ ಕೆಟ್ಟರೆ ನಿಲ್ಲಿಸುತ್ತೇವೆ ಅಂತ ಶುರುವಿಗೆ ಮುಂಚೆ ಬರೆದಿಟ್ಟುಕೊಳ್ಳಿ. ಶುರುವಾದ ಮೇಲೆ ಯಾರಿಗೂ ನಿಲ್ಲಿಸುವ ಮನಸ್ಸು ಬರುವುದಿಲ್ಲ.

ಇನ್ನು ಆ ಖಾತೆಗಳ ಮಾತು. ಆ್ಯಪಲ್ ಸಾಧನಗಳನ್ನು ತಟ್ಟಿ ಎಬ್ಬಿಸಲು ಎಂಡಿಎಂಗೆ ಬೇಕಾದ ಪುಶ್ ಸರ್ಟಿಫಿಕೇಟ್‌ನ ಆಯಸ್ಸು ಒಂದು ವರ್ಷ. ಅದನ್ನು ಮಾಡಿಸಿದ ಅದೇ ಆ್ಯಪಲ್ ಅಕೌಂಟ್‌ನಿಂದಲೇ ನವೀಕರಿಸಬೇಕು. ಬೇರೆ ಅಕೌಂಟ್‌ನಿಂದ ಹೊಸದು ಮಾಡಿಸಿ ಹಾಕಿದರೆ ಹಳೆಯ ಸಾಧನಗಳು ಅದನ್ನು ಗುರುತಿಸುವುದಿಲ್ಲ, ಎಲ್ಲವನ್ನೂ ಮತ್ತೆ ಎನ್‌ರೋಲ್ ಮಾಡಬೇಕಾಗುತ್ತದೆ. ಬಿಸಿನೆಸ್ ಮ್ಯಾನೇಜರ್‌ನ ಸರ್ವರ್ ಟೋಕನ್ (ಅದನ್ನು ನಿಮ್ಮ ಎಂಡಿಎಂಗೆ ಜೋಡಿಸುವ ಕೀಲಿ) ಮತ್ತು ಆ್ಯಪ್‌ಗಳ ಟೋಕನ್‌ಗೂ ವರ್ಷಕ್ಕೊಮ್ಮೆ ನವೀಕರಣ ಬೇಕು. ನಿಮ್ಮಲ್ಲಿ ಇದನ್ನು ಮೊದಲ ಸಲ ಮಾಡಿದ್ದು ಯಾರು? ವೆಂಡರ್ ಟ್ರೈನಿಂಗ್ ದಿನ ಯಾರೋ ಅವಸರದಲ್ಲಿ ತಮ್ಮ ಸ್ವಂತ ಇಮೇಲ್ ಹಾಕಿರಬಹುದು, ಅಥವಾ ವೆಂಡರ್‌ನವರೇ ತಮ್ಮದು ಹಾಕಿರಬಹುದು. ಲ್ಯಾಬ್, ಕೋರ್ಸ್ ಎಲ್ಲಕ್ಕೂ ಮುಂಚೆ ಇವತ್ತೇ ಕನ್ಸೋಲ್ ತೆರೆದು ಆ ಅಕೌಂಟ್ ಯಾರದ್ದು ನೋಡಿ. ಕಂಪನಿಯ ಹಂಚಿಕೆಯ ವಿಳಾಸ ಅಲ್ಲದಿದ್ದರೆ, ನಿಮ್ಮ ಬಳಿ ಈಗಿರುವುದು 40 ಸಾಧನ ಅಷ್ಟೇ, ಅದರಲ್ಲಿ ಆ್ಯಪಲ್‌ನವು ಇನ್ನೂ ಕಡಿಮೆ. ಸರಿಯಾದ ಅಕೌಂಟ್‌ನಲ್ಲಿ ಹೊಸದಾಗಿ ಶುರುಮಾಡಿ, ಅವಷ್ಟನ್ನೂ ಮತ್ತೆ ಎನ್‌ರೋಲ್ ಮಾಡಿಬಿಡಿ. 900 ಆದ ಮೇಲೆ ಇದೇ ಕೆಲಸಕ್ಕೆ ಯಾರೂ ನಿಮಗೆ ಮೂರು ತಿಂಗಳು ಕೊಡುವುದಿಲ್ಲ.